ಬಾಂಡ್ ಮೇಲೆ ಊರಿನ ಹೆಸರು, ಸಾಲ ಬೇರೆಯವರದು

ಅಮೆರಿಕದಲ್ಲಿರುವ ಕನ್ನಡಿಗರಿಂದ ಕಾಂಡ್ಯೂಟ್ ಬಾಂಡ್ ಬಗ್ಗೆ, ಅಂದರೆ ಊರೋ ರಾಜ್ಯವೋ ತನ್ನ ಹೆಸರಲ್ಲಿ ಹೊರಡಿಸಿದರೂ ಬೇರೊಂದು ಸಂಸ್ಥೆ ತೀರಿಸಬೇಕಾದ ಬಾಂಡ್ ಬಗ್ಗೆ, ಅದದೇ ಪ್ರಶ್ನೆಗಳು ಬರುತ್ತಲೇ ಇವೆ. ಬಾಂಡ್ ಅಂದರೇನು ಅನ್ನುವಲ್ಲಿಂದ ನಾನು ಶುರು ಮಾಡುವುದಿಲ್ಲ.

ಪ್ರಶ್ನೆ: ಮಿನೆಸೋಟದ ನಮ್ಮ ಸಣ್ಣ ಊರಿನ ಸಿಟಿ ಕೌನ್ಸಿಲ್, ಲಾಭರಹಿತ ಸಂಸ್ಥೆಯೊಂದು ಕಟ್ಟುವ ಹಿರಿಯರ ವಸತಿಗೆ 3 ಕೋಟಿ ಡಾಲರ್ ಬಾಂಡ್ ಹೊರಡಿಸುತ್ತದಂತೆ. ಸಂಸ್ಥೆ ಮುಳುಗಿದರೆ ನಮ್ಮ ಮನೆ ತೆರಿಗೆ ಏರುತ್ತಾ? ಕೌನ್ಸಿಲ್ ಇಂಥದ್ದಕ್ಕೆ ಹೇಗೆ ಒಪ್ಪುತ್ತದೆ?

ಉತ್ತರ: ಅದಕ್ಕಾಗಿ ತೆರಿಗೆ ಏರುವುದಿಲ್ಲ. ಎಷ್ಟು ಸಲ ಹೇಳಿದರೂ ವಾಟ್ಸಾಪ್ ಗುಂಪುಗಳಲ್ಲಿ ಇದೇ ಗಾಳಿಸುದ್ದಿ. ಅಸಲು, ಬಡ್ಡಿ ಎರಡನ್ನೂ ಕಟ್ಟಬೇಕಾದ್ದು ಸಂಸ್ಥೆ. ಊರಿನ ತೆರಿಗೆ ಹಣ ಇದಕ್ಕೆ ಜಾಮೀನಲ್ಲ ಅಂತ ಬಾಂಡ್ ದಾಖಲೆಯಲ್ಲೇ ಅಚ್ಚಾಗಿರುತ್ತದೆ. ಊರು ನಡುವೆ ಬರುವುದು ಯಾಕೆ? ರಾಜ್ಯವೋ ಸ್ಥಳೀಯ ಸರ್ಕಾರವೋ ಹೊರಡಿಸಿದರೆ ಮಾತ್ರ ಆ ಬಡ್ಡಿಗೆ ಫೆಡರಲ್ ಆದಾಯ ತೆರಿಗೆ ಇಲ್ಲ. ಹಾಗಾಗಿ ಸಂಸ್ಥೆಗೆ ಸಾಲ ಅಗ್ಗವಾಗುತ್ತದೆ.

ನನಗೆ ಸಿಟ್ಟು ಬರುವುದು "ನಮ್ಮ ದುಡ್ಡಲ್ವಲ್ಲ, ಸಹಿ ಹಾಕಿದರಾಯ್ತು" ಅನ್ನುವ ಕೌನ್ಸಿಲ್ ಸದಸ್ಯರ ಮೇಲೆ. 1982ರ ಟೆಫ್ರಾ ಅನ್ನುವ ಫೆಡರಲ್ ತೆರಿಗೆ ಕಾನೂನು ಬಂದಮೇಲೆ ಇಂಥ ಬಾಂಡಿಗೆ ಸಾರ್ವಜನಿಕ ವಿಚಾರಣೆ ಕಡ್ಡಾಯ. ಈಗಿನ ನಿಯಮದಲ್ಲಿ ಕನಿಷ್ಠ 7 ದಿನ ಮುಂಚೆ ನೋಟಿಸ್ ಕೊಡಬೇಕು. ಎಷ್ಟೋ ಕಡೆ ಕುರ್ಚಿಗಳು ಖಾಲಿ ಇರುತ್ತವೆ. ಮೇಯರ್ ವಿಚಾರಣೆ ಶುರು ಮಾಡಿ, ಯಾರಾದರೂ ಮಾತಾಡುತ್ತೀರಾ ಅಂತ ಕೇಳಿ, ಅಲ್ಲಿಗೇ ಮುಗಿಸುತ್ತಾರೆ. ದಯವಿಟ್ಟು ನೀವು ಹೋಗಿ. ಒಂದೇ ಪ್ರಶ್ನೆ ಕೇಳಿ: ಈ ವರ್ಷ ಊರಿಗೇ ಸಾಲ ಬೇಕಾಗಿದೆಯಾ?

ಒಂದು ವರ್ಷದಲ್ಲಿ 1 ಕೋಟಿ ಡಾಲರ್ ಮೀರದಂತೆ ಬಾಂಡ್ ಹೊರಡಿಸುವ ಊರಿಗೆ 'ಬ್ಯಾಂಕ್ ಕ್ವಾಲಿಫೈಡ್' ಅನ್ನುವ ಸೌಲಭ್ಯ ಇದೆ. ಅಂಥ ಬಾಂಡ್ ಕೊಂಡ ಬ್ಯಾಂಕಿಗೆ ತೆರಿಗೆಯಲ್ಲಿ ಉಳಿತಾಯ, ಅದಕ್ಕೇ ಕಡಿಮೆ ಬಡ್ಡಿಗೆ ಕೊಳ್ಳುತ್ತದೆ. ಲಾಭರಹಿತ ಸಂಸ್ಥೆಗಾಗಿ ಹೊರಡಿಸಿದ್ದೂ ಊರಿನ ಇದೇ ಲೆಕ್ಕಕ್ಕೆ ಸೇರುತ್ತದೆ. ನಿಮ್ಮೂರು 3 ಕೋಟಿಯದ್ದು ಹೊರಡಿಸಿತೋ, ಆ ವರ್ಷದ ಸೌಲಭ್ಯ ಹೋಯಿತು. ಅದೇ ವರ್ಷ ರಸ್ತೆಗೋ ನೀರಿನ ಟ್ಯಾಂಕಿಗೋ 60 ಲಕ್ಷ ಎತ್ತಬೇಕಾಗಿ ಬಂದರೆ ಜಾಸ್ತಿ ಬಡ್ಡಿ ಬೀಳುವುದು ಊರಿನ ಮೇಲೆ, ಅಂದರೆ ನಿಮ್ಮ ಮೇಲೆ. ನೀವು ಹೆದರಬೇಕಾದ್ದು ಇದಕ್ಕೆ. ಈ ವ್ಯತ್ಯಾಸವನ್ನು ಸಂಸ್ಥೆಯಿಂದಲೇ ವಸೂಲಿ ಮಾಡಬಹುದು. ಇಲ್ಲವೇ ಊರು ವಿಚಾರಣೆ ನಡೆಸಿ ಒಪ್ಪಿಗೆ ಮಾತ್ರ ಕೊಟ್ಟು, ಬಾಂಡನ್ನು ಬೇರೊಂದು ಪ್ರಾಧಿಕಾರ ಹೊರಡಿಸಲಿ ಅನ್ನಬಹುದು.

ಊರಿನ ವಕೀಲರ ಖರ್ಚು ಸಂಸ್ಥೆಯದು, ಕೋರ್ಟು ಕಚೇರಿ ಬಂದರೂ ನಷ್ಟ ಸಂಸ್ಥೆಯದು. ಇವೆರಡೂ ಒಪ್ಪಂದದಲ್ಲಿ ಇಲ್ಲದಿದ್ದರೆ ಕೌನ್ಸಿಲ್ ಮತಕ್ಕೆ ಹಾಕಲೇಬಾರದು. ಸಂಸ್ಥೆಯ ಲೆಕ್ಕಪತ್ರ ನೋಡದೆ ಹಾಕುವುದಂತೂ ಬೇಜವಾಬ್ದಾರಿ.

ಪ್ರಶ್ನೆ: ಬೆಂಗಳೂರು ಪಾಲಿಕೆ ಹೊರಡಿಸಿದ್ದೂ ಇಂಥದ್ದೇ ಬಾಂಡಾ?

ಉತ್ತರ: ಅಲ್ಲ. 1997ರ ಆ 125 ಕೋಟಿ ರೂಪಾಯಿ ಪಾಲಿಕೆಯ ಸ್ವಂತ ಸಾಲ.

ಪ್ರಶ್ನೆ: "ಸರ್ಕಾರಿ ಬಾಂಡ್, ಒಳ್ಳೇ ಬಡ್ಡಿ, ಸೇಫ್" ಅಂತ ಏಜೆಂಟ್ ಒಬ್ಬರು ಕಾಂಡ್ಯೂಟ್ ಬಾಂಡ್ ಬಗ್ಗೆ ಹೇಳುತ್ತಿದ್ದಾರೆ. ನಿವೃತ್ತಿ ಹಣ ಹಾಕಲಾ?

ಉತ್ತರ: ಬೇಡ. ಹಾಗೆ ಹೇಳುವವನಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಸುಳ್ಳು ಹೇಳುತ್ತಿದ್ದಾನೆ. ಅರಿಜೋನಾದ ಮೆಸಾದಲ್ಲಿ ಒಂದು ಕ್ರೀಡಾ ಸಂಕೀರ್ಣಕ್ಕೆ 2020 ಮತ್ತು 2021ರಲ್ಲಿ ಸುಮಾರು 28 ಕೋಟಿ ಡಾಲರ್ ಎತ್ತಿದರು. ಬಾಂಡ್ ಮೇಲಿದ್ದದ್ದು ರಾಜ್ಯದ ಪ್ರಾಧಿಕಾರದ ಹೆಸರು. ಸಾಲ ಪಡೆದ ಸಂಸ್ಥೆ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ತೆರಿಗೆದಾರರಿಗೆ ಹೊರೆ ಬೀಳಲಿಲ್ಲ, ಬಾಂಡ್ ಕೊಂಡವರ ಹಣ ಬಹುಪಾಲು ಹೋಯಿತು. ಹೊರಡಿಸಿದವರು ಯಾರು ಅನ್ನುವುದನ್ನು ಬಿಟ್ಟು, ತೀರಿಸುವವರು ಯಾರು ಅಂತ ನೋಡಿ.

ಪ್ರಶ್ನೆ: ನಮ್ಮ ಚಾರ್ಟರ್ ಶಾಲೆಗೆ (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ) "ಸಿಟಿಯಿಂದ ಬಾಂಡ್ ಮಾಡಿಸಿಕೊಡ್ತೀವಿ" ಅಂತ ಒಬ್ಬರು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಒಂದು ಡಾಲರೂ ಕೊಡಬೇಡಿ. ಕೌನ್ಸಿಲ್ ಮತವನ್ನು ಯಾರೂ ಮಾಡಿಸಿಕೊಡಲು ಆಗುವುದಿಲ್ಲ. ಸಿಟಿಯ ಹಣಕಾಸು ವಿಭಾಗಕ್ಕೆ ನೀವೇ ಫೋನ್ ಮಾಡಿ, ಅರ್ಜಿಯನ್ನೂ ಶುಲ್ಕದ ಪಟ್ಟಿಯನ್ನೂ ಕೇಳಿ.