ಜಿಲ್ಲಾ ಸಮಿತಿ ಒಪ್ಪಿದರೂ ಕಟ್ಟಡ ಪರವಾನಗಿ ಸಿಗದಿದ್ದರೆ

ಕೃಷಿ ಜಮೀನು ಕೊಂಡು ಎಣ್ಣೆ ಘಟಕ ಕಟ್ಟಲು ಹೊರಟಿದ್ದೀರಿ, ಜಿಲ್ಲಾ ಸಮಿತಿ ಒಪ್ಪಿದರೂ ಪಂಚಾಯಿತಿ ಕಟ್ಟಡ ಪರವಾನಗಿ ಕೊಡುತ್ತಿಲ್ಲ ಎಂದಿರಿ. ತೊಡಕು ಇರುವುದು ಬಹುಶಃ ಜಮೀನಿನ ದಾಖಲೆಯಲ್ಲಿ, ಪಂಚಾಯಿತಿಯಲ್ಲಲ್ಲ. ನಿಮ್ಮ 4 ಕೋಟಿಯ ಎಣ್ಣೆ ಘಟಕಕ್ಕೆ ಜಿಲ್ಲಾ ಏಕಗವಾಕ್ಷಿ ಸಮಿತಿ (ಕೈಗಾರಿಕಾ ಯೋಜನೆಗಳಿಗೆ ಒಂದೇ ಕಡೆ ಒಪ್ಪಿಗೆ ಕೊಡುವ ಸಮಿತಿ) ಕೊಟ್ಟಿರುವುದು ತಾತ್ವಿಕ ಒಪ್ಪಿಗೆ ಮಾತ್ರ. ಕೃಷಿ ಜಮೀನು ಅದರಿಂದ ತಾನಾಗಿ ಕೈಗಾರಿಕಾ ಜಮೀನಾಗುವುದಿಲ್ಲ. ಪಹಣಿ ನೋಡದೆ ಇಷ್ಟೇ ಎಂದು ಖಚಿತವಾಗಿ ಹೇಳಲಾರೆ.

ಮೊದಲು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಇನ್ನೂ ಮಾರಿದವರ ಹೆಸರೇ ಇದ್ದರೆ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ, ಆಗಿಲ್ಲ. 11ನೇ ಕಾಲಂನಲ್ಲಿ ಹಳೆಯ ಬೆಳೆಸಾಲ ಕಂಡರೆ ಬ್ಯಾಂಕಿನಿಂದ ತೀರುವಳಿ ಪತ್ರ ತಂದು ತೆಗೆಸಿ. ಸರ್ವೆ ನಂಬರಿನ ಒಂದು ಭಾಗವಷ್ಟೇ ನಿಮ್ಮದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು. ಸರ್ವೆಯರ್ ಬರುವುದೇ ತಡ, ಹಾಗಾಗಿ ಆ ಅರ್ಜಿಯನ್ನು ಇವತ್ತೇ ಹಾಕಿ.

ಆಮೇಲೆ, ನಿಮ್ಮ ಜಮೀನಿಗೆ ಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಬೇಕಿದ್ದರೆ, ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಅದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ. ಉದ್ದೇಶ 'ಕೈಗಾರಿಕೆ' ಎಂದೇ ಇರಲಿ, 'ವಾಣಿಜ್ಯ' ಅಂತ ಹಾಕಿದರೆ ಮತ್ತೆ ಮೊದಲಿಂದ ಓಡಾಟ.

ಜೊತೆಗೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪ್ರಮಾಣಪತ್ರ (ಅಫಿಡವಿಟ್) ಆಧಾರಿತ ಅನುಮತಿ ಕೇಳಿ. ಇದಕ್ಕೆ ದಾರಿ ಮಾಡಿದ ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಕಾಯ್ದೆಯ 2020ರ ತಿದ್ದುಪಡಿ ಬಂದದ್ದೇ ನಿಮ್ಮಂಥ ಸಣ್ಣವರು ಕಚೇರಿಯಿಂದ ಕಚೇರಿಗೆ ಅಲೆದು ಸೋಲಬಾರದೆಂದು. ಸ್ವೀಕೃತಿ ಪತ್ರ ಕೈಗೆ ಬಂದರೆ ಅದರ ವ್ಯಾಪ್ತಿಯ ರಾಜ್ಯ ಅನುಮತಿಗಳಿಗೆ ಕಾಯದೆ ಕಟ್ಟಡ ಎಬ್ಬಿಸಬಹುದು. 3 ವರ್ಷದೊಳಗೆ, ಉತ್ಪಾದನೆಗೆ ಮುಂಚೆ, ಎಲ್ಲವನ್ನೂ ಪಡೆದಿರಬೇಕು. ಮಾಲಿನ್ಯ ಮಂಡಳಿಯ ಸಮ್ಮತಿಯನ್ನು ಮಾತ್ರ ಪಾಯ ತೋಡುವ ಮೊದಲೇ ಬೇರೆಯಾಗಿ ಪಡೆಯಿರಿ.