ಟೆಕ್ಸಸ್‌ನಲ್ಲಿ ಆಫೀಸಿನ ಆಯುಧ ನಿಷೇಧ ಪಾರ್ಕಿಂಗ್‌ನಲ್ಲಿ ನಿಂತ ನನ್ನ ಕಾರಿಗೂ ತಗಲುತ್ತದೆಯೇ?

ನಿಮ್ಮ ಪ್ರಶ್ನೆ: ಡಲ್ಲಾಸ್‌ನಲ್ಲಿ ರಾತ್ರಿ ಪಾಳಿ, ಓಡಾಟದಲ್ಲಿ ಪಿಸ್ತೂಲು ಜೊತೆಗಿರುತ್ತದೆ, ಕಂಪನಿಯ ನಿಯಮ ಆಯುಧ ತರಕೂಡದು ಎನ್ನುತ್ತದೆ. ಕಾರಿನಲ್ಲೇ ಇಟ್ಟು ಒಳಗೆ ಹೋಗಬಹುದೇ?

ಅದಕ್ಕೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಲ್-1, ಎಫ್-1 ವೀಸಾದಲ್ಲಿ ಬಂದವರು ಬಂದೂಕಿರಲಿ, ಒಂದು ಗುಂಡು ಇಟ್ಟುಕೊಂಡರೂ ಫೆಡರಲ್ ಅಪರಾಧ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಅವನ್ನು ನಂಬಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ನಿಮಗೆ ಗ್ರೀನ್ ಕಾರ್ಡ್ ಇದ್ದು ಅದೇ ಕಾರನ್ನು ವೀಸಾದಲ್ಲಿರುವ ಬೇರೆ ಯಾರಾದರೂ ಓಡಿಸುವುದಿದ್ದರೆ, ಪಿಸ್ತೂಲು ಕಾರಿನಲ್ಲಿ ಉಳಿಯಲೇಬಾರದು.

ಇದು ಸರಿಯಿದ್ದರೆ, ಇಟ್ಟು ಹೋಗಬಹುದು. 2011ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಟೆಕ್ಸಸ್ ಕಾರ್ಮಿಕ ಸಂಹಿತೆಯ 52.061ನೇ ಕಲಂ ಪ್ರಕಾರ, ಕಂಪನಿ ಒದಗಿಸಿದ ಪಾರ್ಕಿಂಗ್‌ನಲ್ಲಿ, ಬೀಗ ಹಾಕಿದ ನಿಮ್ಮ ಖಾಸಗಿ ವಾಹನದಲ್ಲಿ ಕಾನೂನುಬದ್ಧ ಬಂದೂಕು ಇರುವುದನ್ನು ಮಾಲೀಕರು ತಡೆಯುವಂತಿಲ್ಲ. ಕಂಪನಿಯದೇ ಆದ ಅಥವಾ ಕಂಪನಿ ಲೀಸ್‌ಗೆ ಪಡೆದ ಕಾರಿಗೆ ಈ ರಕ್ಷಣೆಯಿಲ್ಲ. ಶಾಲೆ, ರಾಸಾಯನಿಕ ಕಾರ್ಖಾನೆ, ತೈಲ ಶುದ್ಧೀಕರಣಾಗಾರಗಳಿಗೆ ಬೇರೆ ನಿಯಮಗಳಿವೆ. ಕಟ್ಟಡದ ಒಳಗಿನ ನಿಷೇಧ ಪೂರ್ತಿ ಊರ್ಜಿತ, ಲಾಬಿಗೂ ಒಯ್ಯಬೇಡಿ. ರೈಲಿನಲ್ಲಿ ಬರುವವರಿಗೆ ಈ ಕಾನೂನಿನಿಂದ ಏನೂ ಉಪಯೋಗವಿಲ್ಲ, ಅದು ಇರುವುದೇ ವಾಹನದ ಸುತ್ತ. ನೌಕರನನ್ನು ತೆಗೆದುಹಾಕಿದರೆ ಇಂತಿಷ್ಟು ಪರಿಹಾರ ಎಂದೂ ಆ ಕಲಂ ಹೇಳುವುದಿಲ್ಲ. ಆದ್ದರಿಂದ ಎಚ್‌ಆರ್ ವಿವರಣೆ ಕೇಳಿದರೆ ಸಹಿ ಹಾಕುವ ಮೊದಲು ಕಾರ್ಮಿಕ ವಕೀಲರನ್ನು ಕಾಣಿ.

ದಾರಿಯದು ಇನ್ನೊಂದು ತೊಡಕು. 2021ರಿಂದ ಟೆಕ್ಸಸ್‌ನಲ್ಲಿ 21 ದಾಟಿದ ಅರ್ಹರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೆ ಶಾಲೆಯ ಸುತ್ತ 1000 ಅಡಿಯೊಳಗೆ ಫೆಡರಲ್ ನಿಷೇಧವಿದೆ, ಊರೊಳಗೆ ಓಡಾಡುವವರಿಗೆ ಅದನ್ನು ತಪ್ಪಿಸಿ ಹೋಗುವುದು ಕಷ್ಟ. ರಾಜ್ಯದ ಲೈಸೆನ್ಸ್ ಇದ್ದವರಿಗೆ ಅಲ್ಲಿ ವಿನಾಯಿತಿ. ಇಲ್ಲದವರು ಗುಂಡು ತೆಗೆದು, ಬೀಗದ ಪೆಟ್ಟಿಗೆಯಲ್ಲಿಟ್ಟು ಸಾಗಬೇಕು. ಇದೊಂದೇ ಕಾರಣಕ್ಕೆ ಲೈಸೆನ್ಸ್ ಮಾಡಿಸಿ ಎನ್ನುತ್ತೇನೆ. ಶುಲ್ಕ 40 ಡಾಲರ್. ಪರೀಕ್ಷೆಯಲ್ಲಿ 3, 7, 15 ಗಜಗಳಿಂದ ಒಟ್ಟು 50 ಗುಂಡು ಹಾರಿಸಿ, 250ಕ್ಕೆ 175 ಅಂಕ ಪಡೆಯಬೇಕು.

ಇನ್ನು ಇಡುವ ಬಗೆ. ಗ್ಲೋವ್ ಬಾಕ್ಸ್ ಬೇಡವೇ ಬೇಡ, ಕಳ್ಳ ಮೊದಲು ಕೈಹಾಕುವುದು ಅಲ್ಲಿಗೆ. ಉಕ್ಕಿನ ಚಿಕ್ಕ ಪೆಟ್ಟಿಗೆ ತಂದು, ಅದರ ತಂತಿಹಗ್ಗವನ್ನು ಸೀಟಿನ ಕಬ್ಬಿಣದ ಚೌಕಟ್ಟಿಗೆ ಸುತ್ತಿ, ಸೀಟಿನಡಿ ತಳ್ಳಿ. ಬೆರಳಚ್ಚಿನ ಬೀಗಕ್ಕಿಂತ ಕೀಲಿಯದೇ ವಾಸಿ. ಟೆಕ್ಸಸ್ ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಕಾವಿಗೆ ಬ್ಯಾಟರಿ ಬೇಗ ಸೋಲುತ್ತದೆ. ಬಂದೂಕು ಕಂಪನಿಗಳ ಸ್ಟಿಕ್ಕರ್ ಅಂಟಿಸಿದ್ದರೆ ಕಿತ್ತುಹಾಕಿ.

ಆಕಸ್ಮಿಕವಾಗಿ ಗುಂಡು ಹಾರುವ ಅಪಾಯ ಹೆಚ್ಚಿರುವುದು ಇಕ್ಕಟ್ಟಾದ ಸೀಟಿನಲ್ಲಿ ಪಿಸ್ತೂಲು ಹೊರತೆಗೆಯುವಾಗ, ಮತ್ತೆ ಸಿಕ್ಕಿಸಿಕೊಳ್ಳುವಾಗ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ (ಪಿಸ್ತೂಲಿನ ಒರೆ) ಕೊಂಡು, ಅದನ್ನು ಸೊಂಟಕ್ಕೆ ಹಿಡಿದಿಡುವ ಕ್ಲಿಪ್ ಬಿಚ್ಚಿ ಹೋಲ್ಸ್ಟರ್ ಸಮೇತ ಪೆಟ್ಟಿಗೆಯಲ್ಲಿಡಿ. ಅದನ್ನೂ ಆಫೀಸ್ ಪಾರ್ಕಿಂಗ್ ತಲುಪುವ ಮೊದಲೇ ಮುಗಿಸಿ. ಸಹೋದ್ಯೋಗಿಯೊಬ್ಬರು ಕಂಡು ಗಾಬರಿಯಾದರೆ ಯಾವ ಕಲಂ ಕೂಡ ಆ ಕ್ಷಣಕ್ಕೆ ನೆರವಿಗೆ ಬರುವುದಿಲ್ಲ. ದಿನವೂ ಚೇಂಬರಿನ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ಗುಂಡು ತೆಗೆದು ಅದನ್ನೇ ಮತ್ತೆ ತುಂಬುವ ಅಭ್ಯಾಸವೂ ಕೆಟ್ಟದ್ದು: ಪ್ರತಿ ಸಲದ ಹೊಡೆತಕ್ಕೆ ಗುಂಡಿನ ತುದಿ ತೋಟೆಯೊಳಗೆ ಒಂದಿಷ್ಟು ಕುಸಿಯುತ್ತದೆ, ಹಾರಿಸಿದಾಗ ಒತ್ತಡ ಮಿತಿಮೀರುತ್ತದೆ. ಹೊಸ ತೋಟೆಯ ಪಕ್ಕ ಇಟ್ಟು ನೋಡಿ, ಗಿಡ್ಡವಾಗಿ ಕಂಡರೆ ಬಳಸಬೇಡಿ.

ಮನೆಗೆ ಬಂದ ಮೇಲೆ ಪಿಸ್ತೂಲನ್ನು ರಾತ್ರಿಯಿಡೀ ಕಾರಿನಲ್ಲಿ ಬಿಡಬೇಡಿ. ಕಾರು ಸರ್ವಿಸಿಗೆ ಕೊಡುವ ದಿನ ಪೆಟ್ಟಿಗೆ ಖಾಲಿ ಮಾಡಿಯೇ ಕೊಡಿ.