ಬ್ರಿಟಿಷ್ ಗ್ಯಾಂಗ್‌ಸ್ಟರ್ ಚಿತ್ರಗಳ ನಟರೊಂದಿಗೆ ಒಂದು ಸಂಜೆ: ಆ ಚಿತ್ರಗಳನ್ನು ನೋಡದವರೂ ಹೋಗಬಹುದೇ?

ಕಚೇರಿಯ ಗೆಳೆಯರು ಕರೆದಿದ್ದಾರೆಂಬ ಕಾರಣಕ್ಕೆ, ಬ್ರಿಟಿಷ್ ಗ್ಯಾಂಗ್‌ಸ್ಟರ್ ಚಿತ್ರಗಳ ನಟರು ವೇದಿಕೆಗೆ ಬಂದು ಮಾತನಾಡುವ ಸಂಜೆಯೊಂದಕ್ಕೆ ಹೋಗಬೇಕೇ ಎಂದು ನೀವು ಕೇಳಿದ್ದೀರಿ. ಆ ಚಿತ್ರಗಳಲ್ಲಿ ಒಂದನ್ನೂ ನೋಡಿಲ್ಲವೆಂದೂ, ಅವರ ಇಂಗ್ಲಿಷ್ ಅರ್ಥವಾಗುತ್ತದೋ ಇಲ್ಲವೋ ಎಂಬ ಅಳುಕಿದೆಯೆಂದೂ, ನಟರ ಜೊತೆ ಫೋಟೊ ತೆಗೆಸಿಕೊಳ್ಳಬಹುದಾದ ದುಬಾರಿ ಟಿಕೆಟ್ಟನ್ನೇ ಕೊಳ್ಳಬೇಕೇ ಎಂದೂ ಬರೆದಿದ್ದೀರಿ. ಖಂಡಿತ ಹೋಗಿ; ಸಾಮಾನ್ಯ ಟಿಕೆಟ್ ಸಾಕು. ಹೋಗುವ ಮೊದಲು ಎರಡು ಚಿತ್ರಗಳನ್ನಾದರೂ ನೋಡಿಕೊಳ್ಳಿ. ಪೋಸ್ಟರಿನಲ್ಲಿರುವ ಹೆಸರುಗಳು ನಟರವೋ ಅಥವಾ ಹಿಂದೆ ನಿಜವಾಗಿಯೂ ಆ ದಂಧೆಯಲ್ಲಿದ್ದವರವೋ ಎಂಬುದನ್ನೂ ಒಮ್ಮೆ ಪರಿಶೀಲಿಸಿ.

ಇವು ಚಲನಚಿತ್ರೋತ್ಸವದ ಸಂವಾದಗಳಂಥವಲ್ಲ. ಲಂಡನ್ನಿನ ಸೌತ್‌ಬ್ಯಾಂಕ್‌ನಲ್ಲಿರುವ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಚಿತ್ರಮಂದಿರದಲ್ಲಿ ವಿಮರ್ಶಕರೊಬ್ಬರು ನಿರ್ದೇಶಕರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಬಗೆ ಒಂದು. ಲಂಡನ್ನಿನ ನೆರೆಯ ಎಸೆಕ್ಸ್ ಅಥವಾ ಕೆಂಟ್ ಜಿಲ್ಲೆಗಳ ಕಡೆಯ ಯಾವುದೋ ಕ್ರೀಡಾ ಕ್ಲಬ್ಬಿನ ಸಭಾಂಗಣದಲ್ಲಿ, ದುಂಡು ಮೇಜುಗಳ ಸುತ್ತ ಬಿಯರ್ ಹಿಡಿದು ಕುಳಿತ ಜನರೆದುರು ಮೂರು ನಾಲ್ಕು ನಟರು ಹರಟೆ ಹೊಡೆಯುವ ಬಗೆ ಇನ್ನೊಂದು. ನಾನು ಹೋಗಿರುವ ಸಂಜೆಗಳೆಲ್ಲ ಈ ಎರಡನೆಯ ಬಗೆಯವು. ಮೊದಲು ಫೋಟೊದ ಸಾಲು, ಆಮೇಲೆ ಚಿತ್ರದ ತುಣುಕುಗಳು, ನಿರೂಪಕನೊಂದಿಗೆ ಮಾತುಕತೆ, ನಡುವೆ ರ‍್ಯಾಫಲ್ ಎಂಬ ಚೀಟಿ ಎತ್ತುವ ಲಾಟರಿ ಮತ್ತು ಸಹಿ ಹಾಕಿದ ಪೋಸ್ಟರುಗಳ ಹರಾಜು, ಕೊನೆಗೆ ಸಭಿಕರ ಪ್ರಶ್ನೆಗಳು. ನಿರೂಪಕನೇ ಹೆಚ್ಚು ಮಾತನಾಡುವ ಚಪಲದವನಾಗಿದ್ದರೆ ಮೊದಲರ್ಧ ಸಪ್ಪೆಯಾಗುತ್ತದೆ. ನಿಜವಾದ ಸ್ವಾರಸ್ಯ ಸಾಮಾನ್ಯವಾಗಿ ಸಭಿಕರ ಪ್ರಶ್ನೆಗಳಿಂದಲೇ ಆರಂಭವಾಗುತ್ತದೆ.

ಮೈಕೆಲ್ ಕೇನ್ ಅಥವಾ ಜೇಸನ್ ಸ್ಟೇಥಮ್‌ರಂಥ ದೊಡ್ಡ ತಾರೆಯರು ಬರುತ್ತಾರೆಂದು ನಿರೀಕ್ಷಿಸಬೇಡಿ. ಬರುವವರು ಹೆಚ್ಚಾಗಿ ಪೋಷಕ ಪಾತ್ರಗಳ ನಟರು: ಬಾಸ್‌ನ ಬಲಗೈ ಬಂಟ, ಸಾಲ ವಸೂಲಿ ಮಾಡುವವನು, ಒಂದೇ ದೃಶ್ಯದಲ್ಲಿ ಬೆದರಿಸಿ ಮರೆಯಾಗುವವನು. ಇದನ್ನು ಕೊರತೆಯೆಂದು ನಾನು ಭಾವಿಸುವುದಿಲ್ಲ. ತಾರೆಯೊಬ್ಬರು ಸಾವಿರ ಸಂದರ್ಶನಗಳಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಪೋಷಕ ನಟನಾದರೋ ಸೆಟ್ಟಿನಲ್ಲಿ ಗಂಟೆಗಟ್ಟಲೆ ಕಾದು ಕುಳಿತು ಎಲ್ಲವನ್ನೂ ಗಮನಿಸಿರುತ್ತಾನೆ. ಈ ಬಳಗವೂ ಚಿಕ್ಕದು, ಹಳೆಯ ನಾಟಕ ಕಂಪನಿಗಳಂತೆ ಅವೇ ಮುಖಗಳು ಬೇರೆ ಬೇರೆ ವೇಷಗಳಲ್ಲಿ ಮರಳುತ್ತಿರುತ್ತವೆ. 1980ರ 'ದ ಲಾಂಗ್ ಗುಡ್ ಫ್ರೈಡೇ' ಚಿತ್ರದಲ್ಲಿ ರೇಜರ್ಸ್ ಎಂಬ ಬಂಟನಾಗಿದ್ದ ಪಿ. ಎಚ್. ಮೊರಿಯಾರ್ಟಿ, ಹದಿನೆಂಟು ವರ್ಷಗಳ ನಂತರ ನಿರ್ದೇಶಕ ಗೈ ರಿಚಿಯ 'ಲಾಕ್, ಸ್ಟಾಕ್ ಅಂಡ್ ಟೂ ಸ್ಮೋಕಿಂಗ್ ಬ್ಯಾರೆಲ್ಸ್' ಚಿತ್ರದಲ್ಲಿ ತಾನೇ ಬಾಸ್ ಆಗಿ, ಹ್ಯಾಚೆಟ್ ಹ್ಯಾರಿಯಾಗಿ ಬಂದರು. ಮೊದಲ ಚಿತ್ರದಲ್ಲಿ ಸಣ್ಣ ಹುಡುಗನಾಗಿ ಸುಳಿದ ಡೆಕ್ಸ್ಟರ್ ಫ್ಲೆಚರ್ ಎರಡನೆಯದರಲ್ಲಿ ನಾಲ್ವರು ಮುಖ್ಯ ಯುವಕರಲ್ಲಿ ಒಬ್ಬರು. 2019ರಲ್ಲಿ ಅವರೇ 'ರಾಕೆಟ್‌ಮ್ಯಾನ್' ನಿರ್ದೇಶಿಸಿದರು. ಆ ಎರಡೂ ಚಿತ್ರಗಳಲ್ಲಿ ಇದ್ದ ಅಲನ್ ಫೋರ್ಡ್, 2000ದ 'ಸ್ನ್ಯಾಚ್' ಚಿತ್ರದ ಕ್ರೂರ ಬಾಸ್ ಬ್ರಿಕ್ ಟಾಪ್ ಆಗಿ ಮನೆಮಾತಾದರು.

ಇವರಲ್ಲಿ ಅನೇಕರು ನಟನೆಗೆ ಬಂದ ದಾರಿಯೇ ಬೇರೆ, ಮತ್ತು ಆ ದಾರಿಯ ಕಥೆಯೇ ಇಂಥ ಸಂಜೆಗಳ ಜೀವಾಳ. ರೇ ವಿನ್‌ಸ್ಟನ್ ಹದಿಹರೆಯದಲ್ಲಿ ಬಾಕ್ಸರ್ ಆಗಿದ್ದವರು. ನಾಟಕಶಾಲೆಯಿಂದ ಹೊರಹಾಕಿಸಿಕೊಂಡಿದ್ದ ಅವರು ನಡೆಯುವ ಠೀವಿಯನ್ನು ಕಂಡು ಮೆಚ್ಚಿದ ನಿರ್ದೇಶಕ ಅಲನ್ ಕ್ಲಾರ್ಕ್, ಬಾಲಾಪರಾಧಿಗಳ ಸೆರೆಮನೆಯನ್ನು ಕುರಿತ 'ಸ್ಕಮ್' ಎಂಬ ಟಿವಿ ನಾಟಕದಲ್ಲಿ ಮುಖ್ಯ ಪಾತ್ರ ಕೊಟ್ಟರು. 1977ರಲ್ಲಿ ಬಿಬಿಸಿ ಅದನ್ನು ಪ್ರಸಾರ ಮಾಡದೆ ತಡೆಹಿಡಿದ ಕಾರಣ, 1979ರಲ್ಲಿ ಅದೇ ಕಥೆಯನ್ನು ಅದೇ ನಟನೊಂದಿಗೆ ಚಲನಚಿತ್ರವಾಗಿ ಮತ್ತೆ ತೆಗೆಯಬೇಕಾಯಿತು. ವಿನ್ನಿ ಜೋನ್ಸ್ 1988ರಲ್ಲಿ ಲಿವರ್‌ಪೂಲ್ ತಂಡವನ್ನು ಸೋಲಿಸಿ ಎಫ್‌ಎ ಕಪ್ ಗೆದ್ದ ವಿಂಬಲ್ಡನ್ ಫುಟ್‌ಬಾಲ್ ತಂಡದ ಒರಟು ಆಟಗಾರ. ಸ್ಟೇಥಮ್ ಒಮ್ಮೆ ಇಂಗ್ಲೆಂಡನ್ನು ಪ್ರತಿನಿಧಿಸಿದ ಡೈವಿಂಗ್ ಪಟು. ಬೀದಿಯಲ್ಲಿ ನಿಂತು ಸುಗಂಧದ್ರವ್ಯ ಮಾರಿದ ಅನುಭವವನ್ನೇ 'ಲಾಕ್, ಸ್ಟಾಕ್' ಚಿತ್ರದ ಆರಂಭದ ದೃಶ್ಯಕ್ಕೆ ಬಳಸಿಕೊಂಡರು. ಕೈಗವಸಿಲ್ಲದೆ ಮುಷ್ಟಿಯುದ್ಧ ಮಾಡುತ್ತಿದ್ದ ಲೆನ್ನಿ ಮೆಕ್ಲೀನ್ ಅದೇ ಚಿತ್ರದಲ್ಲಿ ಬ್ಯಾರಿ ದ ಬ್ಯಾಪ್ಟಿಸ್ಟ್ ಆಗಿ ನಟಿಸಿ, 1998ರ ಜುಲೈನಲ್ಲಿ, ಬಿಡುಗಡೆಗೆ ಒಂದು ತಿಂಗಳಿರುವಾಗ ತೀರಿಕೊಂಡರು. ಆ ಕಾಲದ ಯಾರೇ ವೇದಿಕೆಯಲ್ಲಿದ್ದರೂ ಮೆಕ್ಲೀನ್ ಹೆಸರು ಬಂದೇ ಬರುತ್ತದೆ, ಬಂದಾಗ ಸಭಿಕರು ಎದ್ದು ಗ್ಲಾಸ್ ಎತ್ತುವುದೂ ಉಂಟು.

ಈಗ ನೋಡಬೇಕಾದ ಚಿತ್ರಗಳ ವಿಷಯ. ಮೊದಲನೆಯದು, ಯಾವ ಅನುಮಾನವೂ ಇಲ್ಲದೆ, 'ದ ಲಾಂಗ್ ಗುಡ್ ಫ್ರೈಡೇ'. ಲಂಡನ್ನಿನ ಪಾಳುಬಿದ್ದ ಹಡಗುಕಟ್ಟೆಗಳನ್ನು ಕೊಂಡು ಅಲ್ಲಿ ಹೊಸ ನಗರ ಕಟ್ಟುವ ಕನಸು ಕಾಣುವ ಬಾಸ್ ಆಗಿ ಬಾಬ್ ಹಾಸ್ಕಿನ್ಸ್, ಅವನಿಗಿಂತ ಚುರುಕಾಗಿ ಯೋಚಿಸುವ ಸಂಗಾತಿಯಾಗಿ ಹೆಲೆನ್ ಮಿರೆನ್. ರಿಯಲ್ ಎಸ್ಟೇಟಿಗೂ ರೌಡಿಸಂಗೂ ಇರುವ ನೆಂಟಸ್ತನ ಬೆಂಗಳೂರಿನವರಿಗೆ ವಿವರಿಸಿ ಹೇಳಬೇಕಾದ ಸಂಗತಿಯೇನಲ್ಲ. ಕೊನೆಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿಬಿದ್ದ ಹಾಸ್ಕಿನ್ಸ್ ಮುಖದ ಮೇಲೆ ಕ್ಯಾಮೆರಾ ಬಹಳ ಹೊತ್ತು ನಿಲ್ಲುತ್ತದೆ. ಒಂದು ಮಾತೂ ಇಲ್ಲದೆ ಕೋಪ, ಭಯ, ಲೆಕ್ಕಾಚಾರ, ಕೊನೆಗೆ ಒಂದು ಬಗೆಯ ಒಪ್ಪಿಗೆ ಆ ಮುಖದಲ್ಲಿ ಹಾದುಹೋಗುತ್ತವೆ. ಅವನೆದುರು ಪಿಸ್ತೂಲು ಹಿಡಿದು ಕುಳಿತ ಯುವಕ ಪಿಯರ್ಸ್ ಬ್ರಾಸ್ನನ್. ಎರಡನೆಯದು 'ಲಾಕ್, ಸ್ಟಾಕ್'. ಅದು ಹಗುರವಾದದ್ದು, ಆದರೆ ಸಭೆಯಲ್ಲಿ ಹಾರುವ ಅರ್ಧ ಜೋಕುಗಳು ಅದರವೇ. ಸಮಯವಿದ್ದರೆ 2000ದ 'ಸೆಕ್ಸಿ ಬೀಸ್ಟ್' ನೋಡಿ: ಕೃಷ್ಣ ಭಾಂಜಿ ಎಂಬ ಹೆಸರಿನಿಂದ ಹುಟ್ಟಿ, ಗಾಂಧೀಜಿಯ ಪಾತ್ರಕ್ಕೆ ಆಸ್ಕರ್ ಪಡೆದ ಬೆನ್ ಕಿಂಗ್ಸ್ಲಿ ಅದರಲ್ಲಿ ಬಾಯಿ ತೆರೆದರೆ ಬೈಗುಳವನ್ನೇ ಉಗುಳುವ ಕ್ರೂರಿ, ಆ ಪಾತ್ರಕ್ಕೂ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದರು.

ಭಾಷೆಯ ಅಳುಕು ನಿಮ್ಮೊಬ್ಬರದೇ ಅಲ್ಲ. ಅಮೆರಿಕದವರಿಗೆ ಅರ್ಥವಾಗದೆಂದು ಭಾವಿಸಿ, 'ದ ಲಾಂಗ್ ಗುಡ್ ಫ್ರೈಡೇ' ಚಿತ್ರದಲ್ಲಿ ಹಾಸ್ಕಿನ್ಸ್‌ರ ಲಂಡನ್ ಉಚ್ಚಾರಣೆಯನ್ನು ತೆಗೆದು ಬೇರೆ ನಟನ ದನಿ ಸೇರಿಸುವ ಪ್ರಯತ್ನವೇ ಆಗ ನಡೆದಿತ್ತು. ಟಿವಿಗಾಗಿ ಚಿತ್ರವನ್ನು ಕತ್ತರಿಸುವ ಯೋಚನೆಯೂ ಇತ್ತು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಪಾಲುದಾರರಾಗಿದ್ದ ಹ್ಯಾಂಡ್‌ಮೇಡ್ ಫಿಲ್ಮ್ಸ್ ಸಂಸ್ಥೆ ಅದನ್ನು ಕೊಂಡಿದ್ದರಿಂದಲೇ ಚಿತ್ರ ತನ್ನ ಮೂಲ ರೂಪದಲ್ಲಿ ಉಳಿಯಿತು. ಮನೆಯಲ್ಲಿ ಸಬ್‌ಟೈಟಲ್ ಹಾಕಿಕೊಂಡು ಎರಡು ಚಿತ್ರ ನೋಡಿದರೆ ಕಿವಿ ಸಾಕಷ್ಟು ಪಳಗುತ್ತದೆ. ಸಭಾಂಗಣದಲ್ಲಿ ಬಾರ್ ಕೌಂಟರಿನಿಂದ ದೂರ, ವೇದಿಕೆಗೆ ಹತ್ತಿರ ಕುಳಿತುಕೊಳ್ಳಿ.

ಪೋಸ್ಟರಿನ ಹೆಸರುಗಳನ್ನು ಪರಿಶೀಲಿಸಿ ಎಂದದ್ದು ಏಕೆಂದರೆ, ಈ ಸಂಜೆಗಳಲ್ಲಿ ನಟರ ಪಕ್ಕದಲ್ಲೇ ಕೆಲವೊಮ್ಮೆ ನಿಜವಾದ ಮಾಜಿ ಅಪರಾಧಿಗಳನ್ನೂ ಕೂರಿಸುತ್ತಾರೆ. ನಮ್ಮವರಿಗೆ ಇದು ತೀರ ಹೊಸತಲ್ಲ: 1995ರ 'ಓಂ' ಚಿತ್ರದಲ್ಲಿ ಉಪೇಂದ್ರ ಬೆಂಗಳೂರು ಭೂಗತ ಲೋಕದ ನಿಜವಾದ ಮುಖಗಳನ್ನೇ ತೆರೆಗೆ ತಂದಿದ್ದರು. ಆದರೂ ಕಲ್ಪಿತ ಬ್ರಿಕ್ ಟಾಪ್‌ನ ಕ್ರೌರ್ಯಕ್ಕೆ ನಗುವುದು ಒಂದು, ನಡೆದ ಕೊಲೆಯನ್ನು ಹಾಸ್ಯದ ಒಗ್ಗರಣೆ ಹಾಕಿ ಹೇಳುವಾಗ ಚಪ್ಪಾಳೆ ತಟ್ಟುವುದು ಮತ್ತೊಂದು. ಎಸೆಕ್ಸ್‌ನ ರೆಟೆಂಡನ್ ಬಳಿ 1995ರ ಡಿಸೆಂಬರ್ 6ರಂದು ರೇಂಜ್ ರೋವರ್ ಕಾರಿನಲ್ಲಿ ಮೂವರನ್ನು ಗುಂಡಿಟ್ಟು ಕೊಲ್ಲಲಾಯಿತು. 'ಎಸೆಕ್ಸ್ ಬಾಯ್ಸ್' ಚಿತ್ರದಿಂದ ಹಿಡಿದು 2007ರ 'ರೈಸ್ ಆಫ್ ದ ಫುಟ್‌ಸೋಲ್ಜರ್' ಮತ್ತು ಅದರ ಸರಣಿಯವರೆಗೆ ಎಷ್ಟೋ ಚಿತ್ರಗಳು ಆ ಒಂದು ರಾತ್ರಿಯ ಮೇಲೆ ಬದುಕಿವೆ. ಆ ಸರಣಿಯ ಕ್ರೇಗ್ ಫೇರ್‌ಬ್ರಾಸ್ ಅವರ ಅಭಿನಯ ನನಗೆ ಇಷ್ಟ. ಆದರೆ ಅವರು ವಹಿಸಿದ ಪಾತ್ರ ನಿಜವಾಗಿ ಬದುಕಿ ಸತ್ತ ಮನುಷ್ಯನದು. 1966ರಲ್ಲಿ ಲಂಡನ್ನಿನ ಗ್ಯಾಂಗ್‌ಸ್ಟರ್ ರಾನಿ ಕ್ರೇ, ಜಾರ್ಜ್ ಕಾರ್ನೆಲ್ ಎಂಬವನಿಗೆ ಗುಂಡು ಹಾರಿಸಿದ ಬ್ಲೈಂಡ್ ಬೆಗರ್ ಪಬ್ ಈಗ ಪ್ರವಾಸಿಗರು ಫೋಟೊ ತೆಗೆಯುವ ತಾಣ. ನಾನಂತೂ ಹೆಸರುಗಳೆಲ್ಲ ನಟರವೇ ಆಗಿದ್ದರೆ ಮಾತ್ರ ಟಿಕೆಟ್ ಕೊಳ್ಳುತ್ತೇನೆ. ನಿಮ್ಮ ನಿರ್ಧಾರ ಬೇರೆ ಇರಬಹುದು, ಆದರೆ ತಿಳಿದು ಹೋಗುವುದು ಒಳ್ಳೆಯದು.

ಪ್ರಶ್ನೆ ಕೇಳುವ ಅವಕಾಶ ಸಿಕ್ಕರೆ, ಮುಂದಿನ ಚಿತ್ರ ಯಾವುದು, ನೆಚ್ಚಿನ ಸಂಭಾಷಣೆ ಯಾವುದು ಎಂದು ಕೇಳಬೇಡಿ. ಅವಕ್ಕೆ ಉತ್ತರಗಳು ಬಾಯಿಪಾಠವಾಗಿರುತ್ತವೆ. ಹೊಡೆದಾಟದ ದೃಶ್ಯ ಎಷ್ಟು ಹೊತ್ತಿನಲ್ಲಿ ಮುಗಿಯಿತು, ಚಿತ್ರಕಥೆಯಲ್ಲಿ ಇಲ್ಲದೆ ಸೆಟ್ಟಿನಲ್ಲೇ ಹುಟ್ಟಿದ ಮಾತು ಯಾವುದು, ಒಮ್ಮೆ ರೌಡಿಯಾದ ಮೇಲೆ ಬೇರೆ ಪಾತ್ರಗಳು ಬಂದವೇ ಎಂದು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಒಮ್ಮೆ ನಾನೇ ಕೇಳಿದಾಗ, ಅಲ್ಲಿಯವರೆಗೆ ಅಬ್ಬರಿಸುತ್ತಿದ್ದ ನಟರೊಬ್ಬರು ದನಿ ತಗ್ಗಿಸಿ, ಅಡಿಷನ್ನುಗಳಲ್ಲಿ ತಮ್ಮ ಮುಖ ನೋಡಿಯೇ ಕೈಗೆ ಚಾಕು ಕೊಡುತ್ತಿದ್ದುದನ್ನು ವಿವರವಾಗಿ ಹೇಳಿದರು.

ದುಬಾರಿ ಟಿಕೆಟ್ ಕೊಂಡರೆ ಸಿಗುವುದು ಸಾಲಿನಲ್ಲಿ ನಿಂತು ಕೆಲವೇ ಕ್ಷಣಗಳ ಕೈಕುಲುಕು ಮತ್ತು ಒಂದು ಫೋಟೊ. ಮಧ್ಯಂತರದಲ್ಲಿ ನಟರೇ ಬಾರಿನ ಬಳಿ ಬಂದು ನಿಲ್ಲುವುದು ಅಪರೂಪವಲ್ಲ, ಆಗ ವಿನಯದಿಂದ ಕೇಳಿದರೆ ಬೇಡವೆನ್ನುವವರು ಕಡಿಮೆ. ಸಹಿಯಿರುವ ವಸ್ತು ಬೇಕೆನಿಸಿದರೆ ಹರಾಜಿನ ಚೌಕಟ್ಟು ಹಾಕಿದ ಪೋಸ್ಟರಿಗೆ ಹಣ ಸುರಿಯುವ ಬದಲು ನಿಮ್ಮದೇ ಡಿವಿಡಿಯನ್ನೋ ಟಿಕೆಟ್ಟನ್ನೋ ಮುಂದೆ ಹಿಡಿಯಿರಿ. ಪೆನ್ನನ್ನು ಮಾತ್ರ ನೀವೇ ಒಯ್ಯಿರಿ.